ಕಾರ್ಖಾನೆಯ ನೀರಿನ ಲೆಕ್ಕ ಮತ್ತು ನೆರೆಯೂರಿನ ಬಾವಿ

ಕೈಗಾರಿಕೆಗೆ ನೀರು ಬೇಕೆಂಬುದರಲ್ಲಿ ವಿವಾದವಿಲ್ಲ. ಬಟ್ಟೆಗೆ ಬಣ್ಣ ಕಟ್ಟಲು, ಕಾಗದದ ತಿರುಳನ್ನು ಬೇಯಿಸಲು, ಕಾದ ಉಕ್ಕನ್ನು ತಣಿಸಲು, ತಂಪು ಪಾನೀಯ ತಯಾರಿಸಲು ನೀರಿಗೆ ಬದಲಾಗಿ ಬಳಸಬಹುದಾದ ಇನ್ನೊಂದು ವಸ್ತು ಸುಲಭವಾಗಿ ದೊರೆಯುವುದಿಲ್ಲ. ಆ ನೀರನ್ನು ಯಾವ ಮೂಲದಿಂದ, ಎಷ್ಟು ಪ್ರಮಾಣದಲ್ಲಿ, ಯಾರ ಪಾಲಿನಿಂದ ತೆಗೆಯಲಾಗುತ್ತದೆ, ಬಳಸಿದ ನಂತರ ಅದು ಯಾವ ಸ್ಥಿತಿಯಲ್ಲಿ ಎಲ್ಲಿಗೆ ಸೇರುತ್ತದೆ ಎಂಬ ಪ್ರಶ್ನೆಗಳಲ್ಲಿಯೇ ವಿವಾದ ಹುಟ್ಟುತ್ತದೆ.

ಇಂದು ದೊಡ್ಡ ಕಂಪನಿಗಳ ವಾರ್ಷಿಕ ವರದಿಗಳಲ್ಲಿ ಜಲ ನಿರ್ವಹಣೆಗೆ ಪ್ರತ್ಯೇಕ ಅಧ್ಯಾಯವೇ ಇರುತ್ತದೆ. ಮಳೆನೀರು ಸಂಗ್ರಹ, ನೀರಿನ ಮರುಬಳಕೆ, ಕೆರೆಗಳ ಪುನಶ್ಚೇತನ ಮುಂತಾದವುಗಳ ಅಂಕಿಅಂಶಗಳು ಅದರಲ್ಲಿ ತುಂಬಿರುತ್ತವೆ. ಇವುಗಳಲ್ಲಿ ನೈಜ ಸಾಧನೆ ಯಾವುದು, ಕೇವಲ ಪ್ರಚಾರ ಯಾವುದು ಎಂದು ಸಾಮಾನ್ಯ ಓದುಗರು ತಿಳಿಯುವುದು ಹೇಗೆ? ನಮ್ಮ ನೆರೆರಾಜ್ಯಗಳ ಎರಡು ಊರುಗಳ ಅನುಭವ ಇದಕ್ಕೆ ಸ್ಪಷ್ಟವಾದ ಉತ್ತರವನ್ನು ನೀಡುತ್ತದೆ. ಕೇರಳದ ಪ್ಲಾಚಿಮಡದಲ್ಲಿ ಪ್ರಶ್ನೆಯು ನೀರಿನ ಪ್ರಮಾಣದ್ದಾಗಿದ್ದರೆ, ತಮಿಳುನಾಡಿನ ತಿರುಪ್ಪೂರಿನಲ್ಲಿ ಅದು ನೀರಿನ ಗುಣಮಟ್ಟದ್ದಾಗಿತ್ತು. ಎರಡೂ ಕಡೆ ಕಾರ್ಖಾನೆಯ ಕಾಗದಪತ್ರಗಳಿಗಿಂತ ಮೊದಲು ನಿಜವನ್ನು ಹೇಳಿದ್ದು ಹೊರಗಿನ ಬಾವಿಗಳು.

ನೀರಿನ ಲೆಕ್ಕ ಹಾಕುವ ಬಗೆ

ಕಾರ್ಖಾನೆಯೊಂದರ ನೀರಿನ ಲೆಕ್ಕದಲ್ಲಿ ಮೂರು ಸಂಖ್ಯೆಗಳು ಮುಖ್ಯ. ನದಿ, ಕೊಳವೆಬಾವಿ ಅಥವಾ ನಗರದ ಕೊಳವೆಯಿಂದ ಪಡೆದ ನೀರು ಮೊದಲನೆಯದು. ಉತ್ಪನ್ನದೊಳಗೆ ಸೇರಿ ಅಥವಾ ಆವಿಯಾಗಿ ಆ ಸ್ಥಳಕ್ಕೆ ಮರಳದೆ ಹೋಗುವ ನೀರು ಎರಡನೆಯದು. ತ್ಯಾಜ್ಯವಾಗಿ ಹೊರಬರುವ ನೀರು ಮೂರನೆಯದು. ಈ ಮೂರೂ ಪರಸ್ಪರ ತಾಳೆಯಾಗಬೇಕು. ಪಡೆದ ನೀರಿನಲ್ಲಿ ಒಂದು ಭಾಗಕ್ಕೆ ಲೆಕ್ಕವೇ ಸಿಗುತ್ತಿಲ್ಲವೆಂದರೆ ಕೊಳವೆಗಳಲ್ಲಿ ಸೋರಿಕೆ ಇರಬೇಕು, ಇಲ್ಲವೇ ಯಾವುದೋ ಮೋರಿಯ ಮೂಲಕ ಅದು ಹೊರಹೋಗುತ್ತಿರಬೇಕು.

ಕಂಪನಿಗಳು ಸಾಮಾನ್ಯವಾಗಿ ಮುಂದಿಡುವುದು ಇನ್ನೊಂದು ಸಂಖ್ಯೆಯನ್ನು. ಅದು ಒಂದು ಘಟಕ ಉತ್ಪನ್ನಕ್ಕೆ ಬಳಸಿದ ನೀರಿನ ಪ್ರಮಾಣ. ಕೋಕಾ-ಕೋಲಾ ಕಂಪನಿಯ ಜಾಗತಿಕ ವರದಿಗಳ ಪ್ರಕಾರ ಒಂದು ಲೀಟರ್ ಪಾನೀಯಕ್ಕೆ 2004ರಲ್ಲಿ ಸುಮಾರು 2.7 ಲೀಟರ್ ನೀರು ಬಳಕೆಯಾಗುತ್ತಿತ್ತು. 2020ರ ವೇಳೆಗೆ ಅದು ಸುಮಾರು 1.84 ಲೀಟರಿಗೆ ಇಳಿಯಿತು. ಇದು ಗಮನಾರ್ಹ ಸುಧಾರಣೆಯೇ ಸರಿ. ಆದರೆ ಅನುಪಾತ ಇಳಿದರೂ ಉತ್ಪಾದನೆ ಅದಕ್ಕಿಂತ ವೇಗವಾಗಿ ಏರಿದರೆ ಭೂಮಿಯಿಂದ ಸೇದುವ ಒಟ್ಟು ನೀರು ಹೆಚ್ಚುತ್ತಲೇ ಹೋಗುತ್ತದೆ.

ಇದಕ್ಕಿಂತ ಮುಖ್ಯವಾದ ಅಂಶವೊಂದಿದೆ. ನೀರು ಸ್ಥಳೀಯ ಸಂಪತ್ತು. ಒಂದು ದೇಶದಲ್ಲಿ ಹೊರಬಿಟ್ಟ ಇಂಗಾಲದ ಡೈಆಕ್ಸೈಡಿಗೆ ಇನ್ನೊಂದು ದೇಶದಲ್ಲಿ ಪರಿಹಾರ ಹುಡುಕಬಹುದೆಂದು ವಾದಿಸಬಹುದು. ವಾತಾವರಣ ಎಲ್ಲರಿಗೂ ಒಂದೇ. ಆದರೆ ಒಂದು ಜಿಲ್ಲೆಯಲ್ಲಿ ಬತ್ತಿದ ಬಾವಿಗೆ ಇನ್ನೊಂದು ಜಿಲ್ಲೆಯಲ್ಲಿ ಹೂಳೆತ್ತಿದ ಕೆರೆಯಿಂದ ಒಂದು ಕೊಡ ನೀರೂ ಬರುವುದಿಲ್ಲ. ಪಾನೀಯಗಳಲ್ಲಿ ಬಳಸಿದಷ್ಟು ನೀರನ್ನು ಪ್ರಕೃತಿಗೆ ಮರಳಿಸುವ ಗುರಿಯನ್ನು ಇದೇ ಕಂಪನಿ 2007ರಲ್ಲಿ ಪ್ರಕಟಿಸಿತು. ಅದನ್ನು 2015ರಲ್ಲಿಯೇ ತಲುಪಿರುವುದಾಗಿ ಹೇಳಿಕೊಂಡಿತು. ಜಾಗತಿಕ ಮೊತ್ತದ ಮಟ್ಟಿಗೆ ಆ ಹೇಳಿಕೆಯನ್ನು ಒಪ್ಪಿದರೂ ನಿರ್ದಿಷ್ಟ ಊರೊಂದರ ಬಾವಿಯ ಸ್ಥಿತಿ ಅದರಿಂದ ತಿಳಿಯುವುದಿಲ್ಲ.

ಪ್ಲಾಚಿಮಡ: ಸೇದುವ ಹಕ್ಕು ಯಾರದು?

ಪಾಲಕ್ಕಾಡ್ ಜಿಲ್ಲೆಯ ಚಿತ್ತೂರು ತಾಲ್ಲೂಕು ತಮಿಳುನಾಡಿನ ಗಡಿಗೆ ಹೊಂದಿಕೊಂಡಿದೆ. ಹಸಿರು ಕೇರಳದ ಚಿತ್ರಕ್ಕೆ ಹೊಂದದ, ಮಳೆನೆರಳಿನ ಪ್ರದೇಶವಿದು. ಇಲ್ಲಿನ ಪೆರುಮಟ್ಟಿ ಗ್ರಾಮ ಪಂಚಾಯಿತಿಗೆ ಸೇರಿದ ಪ್ಲಾಚಿಮಡದಲ್ಲಿ ಕೋಕಾ-ಕೋಲಾದ ಭಾರತೀಯ ಅಂಗಸಂಸ್ಥೆಯು 2000ನೇ ಇಸವಿಯಲ್ಲಿ ಸುಮಾರು 34 ಎಕರೆಯಲ್ಲಿ ಪಾನೀಯ ತಯಾರಿಕೆಯ ಘಟಕವನ್ನು ಆರಂಭಿಸಿತು. ನೀರಿನ ಮೂಲ ಘಟಕದ ಆವರಣದೊಳಗಿನ ಕೊಳವೆಬಾವಿಗಳು.

ಕೆಲವೇ ತಿಂಗಳುಗಳಲ್ಲಿ ಸುತ್ತಲಿನ ಕಾಲೊನಿಗಳ ನಿವಾಸಿಗಳಿಂದ ದೂರುಗಳು ಬರತೊಡಗಿದವು. ಬಾವಿಗಳ ನೀರಿನ ಮಟ್ಟ ಕುಸಿಯುತ್ತಿದೆ, ಉಳಿದ ನೀರು ಗಡಸಾಗಿದೆ, ಅಡುಗೆಗೂ ಸ್ನಾನಕ್ಕೂ ಆಗುತ್ತಿಲ್ಲ ಎಂಬುದು ಆ ದೂರುಗಳ ಸಾರ. ನಿವಾಸಿಗಳಲ್ಲಿ ಹಲವರು ಇರವಾಳರ್, ಮಲಸರ್ ಸಮುದಾಯಗಳಿಗೆ ಸೇರಿದ ಆದಿವಾಸಿಗಳು ಹಾಗೂ ಕೂಲಿಕಾರರು. 2002ರ ಏಪ್ರಿಲ್ 22ರಂದು ಘಟಕದ ಮುಂದೆ ಧರಣಿ ಆರಂಭವಾಯಿತು. ಆದಿವಾಸಿ ಮಹಿಳೆ ಮಯಿಲಮ್ಮ ಈ ಹೋರಾಟದ ಮುಂಚೂಣಿಯಲ್ಲಿದ್ದರು. ಅವರು 2007ರಲ್ಲಿ ನಿಧನರಾದರು.

ಘಟಕದಿಂದ ಹೊರಬರುವ ಕೆಸರನ್ನು ಸುತ್ತಲಿನ ರೈತರಿಗೆ ಗೊಬ್ಬರವೆಂದು ನೀಡಲಾಗುತ್ತಿತ್ತು. ಬಿಬಿಸಿ ರೇಡಿಯೊ 2003ರಲ್ಲಿ ಆ ಕೆಸರಿನ ಮಾದರಿಯನ್ನು ಬ್ರಿಟನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ಪರೀಕ್ಷೆ ಮಾಡಿಸಿದಾಗ ಕ್ಯಾಡ್ಮಿಯಂ ಮತ್ತು ಸೀಸದ ಅಂಶ ಕಂಡುಬಂದಿತು. ತನ್ನ ಘಟಕದಿಂದ ಅಪಾಯವಿಲ್ಲವೆಂದೇ ಕಂಪನಿ ವಾದಿಸಿತು. ಆದರೆ ಅದೇ ವರ್ಷ ಪಂಚಾಯಿತಿಯು ಪರವಾನಗಿಯನ್ನು ನವೀಕರಿಸಲು ನಿರಾಕರಿಸಿತು. ವಿವಾದ ಕೇರಳ ಹೈಕೋರ್ಟಿನ ಮೆಟ್ಟಿಲೇರಿತು.

ಅಲ್ಲಿ ಹೊರಬಿದ್ದ ಎರಡು ತೀರ್ಪುಗಳು ನೀರಿನ ಕಾನೂನಿನ ಎರಡು ದೃಷ್ಟಿಗಳನ್ನು ಪ್ರತಿನಿಧಿಸುತ್ತವೆ. ಅಂತರ್ಜಲ ಸಾರ್ವಜನಿಕರ ಸ್ವತ್ತು, ಸರ್ಕಾರ ಅದರ ಧರ್ಮದರ್ಶಿ ಮಾತ್ರ, ಭೂಮಿಯ ಒಡೆಯನೆಂಬ ಕಾರಣಕ್ಕೆ ಯಾರೂ ಅದನ್ನು ಮಿತಿಮೀರಿ ಸೇದುವಂತಿಲ್ಲ ಎಂದು ಏಕಸದಸ್ಯ ಪೀಠವು 2003ರ ಡಿಸೆಂಬರ್ 16ರಂದು ಹೇಳಿತು. 34 ಎಕರೆ ಜಮೀನಿನ ಸಾಮಾನ್ಯ ರೈತನೊಬ್ಬ ಬಳಸುವಷ್ಟು ನೀರನ್ನು ಮಾತ್ರ ಕಂಪನಿ ಬಳಸಬಹುದೆಂಬುದು ಆ ತೀರ್ಪಿನ ತಿರುಳು. ವಿಭಾಗೀಯ ಪೀಠ ಇದನ್ನು ಒಪ್ಪಲಿಲ್ಲ. ತಜ್ಞರ ಸಮಿತಿಯ ವರದಿಯನ್ನು ಆಧರಿಸಿ, ವಾಡಿಕೆಯ ಮಳೆಯಾಗುವ ವರ್ಷಗಳಲ್ಲಿ ದಿನಕ್ಕೆ 5 ಲಕ್ಷ ಲೀಟರ್ ಸೇದಬಹುದೆಂದು ಅದು 2005ರ ಏಪ್ರಿಲ್ 7ರಂದು ತೀರ್ಪಿತ್ತಿತು.

5 ಲಕ್ಷ ಲೀಟರ್ ಎಂದರೆ ಎಷ್ಟು? ಗ್ರಾಮೀಣ ಪ್ರದೇಶದಲ್ಲಿ ಒಬ್ಬ ವ್ಯಕ್ತಿಗೆ ದಿನಕ್ಕೆ 55 ಲೀಟರ್ ಎಂಬುದು ಜಲಜೀವನ್ ಮಿಷನ್ ಅನುಸರಿಸುವ ಮಾನದಂಡ. ಆ ಲೆಕ್ಕದಲ್ಲಿ ಇದು ಸುಮಾರು 9,000 ಜನರ ಒಂದು ದಿನದ ನೀರು. ಅಂತರ್ಜಲ ಸಮೃದ್ಧವಾಗಿರುವ ಕಡೆ ಈ ಪ್ರಮಾಣ ನಗಣ್ಯವಾಗಿರಬಹುದು. ಗಟ್ಟಿಶಿಲೆಯ, ಕಡಿಮೆ ಮಳೆಯ ಊರಿನಲ್ಲಿ ಅದೇ ಪ್ರಮಾಣ ನಾಲ್ಕಾರು ಕಾಲೊನಿಗಳ ಬದುಕನ್ನು ಅಲುಗಾಡಿಸಬಲ್ಲದು.

ಘಟಕದ ಉತ್ಪಾದನೆ 2004ರ ಮಾರ್ಚ್ ತಿಂಗಳಿನಲ್ಲಿಯೇ ನಿಂತಿತ್ತು. ಅದು ಮತ್ತೆ ಆರಂಭವಾಗಲಿಲ್ಲ. ರಾಜ್ಯ ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿಯು 2010ರಲ್ಲಿ ಒಟ್ಟು ನಷ್ಟವನ್ನು 216.26 ಕೋಟಿ ರೂಪಾಯಿ ಎಂದು ಅಂದಾಜು ಮಾಡಿತು. ಪರಿಹಾರಕ್ಕಾಗಿ ನ್ಯಾಯಮಂಡಳಿ ಸ್ಥಾಪಿಸುವ ಮಸೂದೆಯನ್ನು ಕೇರಳ ವಿಧಾನಸಭೆ 2011ರಲ್ಲಿ ಅಂಗೀಕರಿಸಿತಾದರೂ ಅದಕ್ಕೆ ರಾಷ್ಟ್ರಪತಿಯವರ ಅಂಕಿತ ದೊರೆಯಲಿಲ್ಲ. ಘಟಕವನ್ನು ಪುನರಾರಂಭಿಸುವ ಉದ್ದೇಶವಿಲ್ಲವೆಂದು ಕಂಪನಿಯು 2017ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸುವುದರೊಂದಿಗೆ ಅಲ್ಲಿನ ಪ್ರಕರಣ ಕೊನೆಗೊಂಡಿತು. ಅಂತರ್ಜಲದ ಒಡೆತನ ಕುರಿತ ಎರಡು ದೃಷ್ಟಿಗಳಲ್ಲಿ ಯಾವುದು ಸರಿ ಎಂಬುದು ತೀರ್ಮಾನವಾಗದೆಯೇ ಉಳಿಯಿತು.

ತಿರುಪ್ಪೂರು: ಬಣ್ಣ ಹೋಯಿತು, ಉಪ್ಪು ಉಳಿಯಿತು

ಬನಿಯನ್ ಹಾಗೂ ಸಿದ್ಧ ಉಡುಪುಗಳಿಗೆ ಹೆಸರಾದ ತಿರುಪ್ಪೂರು ನೊಯ್ಯಲ್ ನದಿಯ ದಂಡೆಯಲ್ಲಿದೆ. ಪಶ್ಚಿಮ ಘಟ್ಟದ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟುವ ಈ ನದಿ ಕೊಯಮತ್ತೂರು, ತಿರುಪ್ಪೂರುಗಳನ್ನು ಹಾದು ಕರೂರು ಜಿಲ್ಲೆಯಲ್ಲಿ ಕಾವೇರಿಯನ್ನು ಸೇರುತ್ತದೆ. ರಫ್ತು ವಹಿವಾಟು ಬೆಳೆದಂತೆ ಇಲ್ಲಿ ನೂರಾರು ಡೈಯಿಂಗ್ ಮತ್ತು ಬ್ಲೀಚಿಂಗ್ ಘಟಕಗಳು ತಲೆಯೆತ್ತಿದವು.

ಹತ್ತಿಯ ಬಟ್ಟೆಗೆ ಬಣ್ಣ ಹಿಡಿಯಬೇಕಾದರೆ ಬಣ್ಣದ ನೀರಿಗೆ ಹೇರಳವಾಗಿ ಉಪ್ಪು ಬೆರೆಸಬೇಕು. ಬಣ್ಣದ ಕಣಗಳನ್ನು ನೂಲಿನ ಕಡೆಗೆ ತಳ್ಳುವುದಷ್ಟೇ ಆ ಉಪ್ಪಿನ ಕೆಲಸ. ಅದು ಬಟ್ಟೆಯಲ್ಲಿ ಉಳಿಯುವುದಿಲ್ಲ. ಹಾಕಿದ ಉಪ್ಪೆಲ್ಲ ತ್ಯಾಜ್ಯನೀರಿನೊಂದಿಗೆ ಹೊರಬರುತ್ತದೆ. ಮಾಲಿನ್ಯದ ವಿರುದ್ಧ ಕೂಗೆದ್ದಾಗ 1990ರ ದಶಕದ ಕೊನೆಯಲ್ಲಿ ಸಾಮೂಹಿಕ ಶುದ್ಧೀಕರಣ ಘಟಕಗಳನ್ನು ಕಟ್ಟಲಾಯಿತು. ಸುಣ್ಣ ಮತ್ತಿತರ ರಾಸಾಯನಿಕಗಳಿಂದ ಕೊಳೆಯನ್ನು ತಳಕ್ಕಿಳಿಸುವ ವಿಧಾನ ಅವುಗಳದು. ಅದರಿಂದ ಕಣ್ಣಿಗೆ ಕಾಣುವ ಬಣ್ಣ ಬಹುಮಟ್ಟಿಗೆ ಹೋಯಿತು. ಕರಗಿದ ಉಪ್ಪನ್ನು ತೆಗೆಯುವ ಶಕ್ತಿ ಆ ವಿಧಾನಕ್ಕೆ ಇರಲಿಲ್ಲ. ಶುದ್ಧೀಕರಣ ಘಟಕವಿದೆ, ಅದು ಕೆಲಸವನ್ನೂ ಮಾಡುತ್ತಿದೆ, ಆದರೂ ನದಿ ಉಪ್ಪಾಗುತ್ತಲೇ ಇದೆ ಎಂಬ ವಿಚಿತ್ರ ಪರಿಸ್ಥಿತಿ ಉಂಟಾಯಿತು.

ಕುಡಿಯುವ ನೀರಿನಲ್ಲಿ ಒಟ್ಟು ಕರಗಿದ ಘನವಸ್ತುಗಳು ಲೀಟರಿಗೆ 500 ಮಿಲಿಗ್ರಾಂ ಮೀರದಿರುವುದು ಅಪೇಕ್ಷಣೀಯ. ಬೇರೆ ಮೂಲವಿಲ್ಲದಿದ್ದರೆ 2,000 ಮಿಲಿಗ್ರಾಂವರೆಗೆ ಸಹಿಸಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಒಳನಾಡಿನ ಜಲಮೂಲಗಳಿಗೆ ಬಿಡುವ ತ್ಯಾಜ್ಯನೀರಿಗೆ 2,100 ಮಿಲಿಗ್ರಾಂ ಎಂಬ ಮಿತಿ ತಮಿಳುನಾಡಿನಲ್ಲಿತ್ತು. ಡೈಯಿಂಗ್ ಘಟಕಗಳ ನೀರು ಇದನ್ನು ಹಲವು ಪಟ್ಟು ಮೀರುತ್ತಿತ್ತು.

ಇದರ ಫಲವನ್ನು ಉಂಡವರು ನದಿಯ ಕೆಳಭಾಗದ ರೈತರು. ಈರೋಡ್ ಮತ್ತು ಕರೂರು ಜಿಲ್ಲೆಗಳ ಸುಮಾರು 20 ಸಾವಿರ ಎಕರೆಗೆ ನೀರುಣಿಸಲೆಂದು 1990ರ ದಶಕದ ಆರಂಭದಲ್ಲಿ ಕಟ್ಟಿದ ಒರತ್ತುಪಾಳಯಂ ಜಲಾಶಯವು ಕೆಲವೇ ವರ್ಷಗಳಲ್ಲಿ ತ್ಯಾಜ್ಯನೀರಿನ ತೊಟ್ಟಿಯಾಯಿತು. ಜಲಾಶಯದಲ್ಲಿ ನೀರಿದ್ದರೂ ಅದನ್ನು ಹೊಲಕ್ಕೆ ಹರಿಸಬೇಡಿರೆಂದು ರೈತರೇ ಕೇಳಿಕೊಳ್ಳಬೇಕಾಯಿತು. ಸುತ್ತಲಿನ ತೆರೆದ ಬಾವಿಗಳ ನೀರೂ ಕೆಟ್ಟಿತು.

ವೆಲ್ಲೂರು ಜಿಲ್ಲೆಯ ಚರ್ಮ ಹದಮಾಡುವ ಘಟಕಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ನೀಡಿದ ಆದೇಶದಂತೆ ಪರಿಸರ ನಷ್ಟ ಪ್ರಾಧಿಕಾರವೊಂದು ಸ್ಥಾಪನೆಯಾಗಿತ್ತು. ಮಾಲಿನ್ಯ ಮಾಡಿದವರೇ ಅದರ ವೆಚ್ಚವನ್ನು ಭರಿಸಬೇಕೆಂಬ ತತ್ವ ಭಾರತದ ಕಾನೂನಿನಲ್ಲಿ ಬಲವಾಗಿ ನೆಲೆಗೊಂಡದ್ದು ಆ ತೀರ್ಪಿನಿಂದಲೇ. ಈ ಪ್ರಾಧಿಕಾರವು ನೊಯ್ಯಲ್ ಪ್ರದೇಶದ 68 ಗ್ರಾಮಗಳ 28,596 ರೈತರಿಗೆ ಸುಮಾರು 24.8 ಕೋಟಿ ರೂಪಾಯಿ ಪರಿಹಾರವನ್ನು 2004ರಲ್ಲಿ ನಿಗದಿಪಡಿಸಿತು. ಭಾಗಿಸಿ ನೋಡಿದರೆ ಒಬ್ಬ ರೈತನಿಗೆ ಸರಾಸರಿ 8,700 ರೂಪಾಯಿಗೂ ಕಡಿಮೆ. ವರ್ಷಗಟ್ಟಲೆ ಕಳೆದುಕೊಂಡ ಬೆಳೆಗೆ ಸಿಕ್ಕ ಬೆಲೆ ಇದು.

ನೊಯ್ಯಲ್ ಅಚ್ಚುಕಟ್ಟು ರೈತರ ಸಂಘದ ಅರ್ಜಿಯ ಮೇಲೆ ಮದ್ರಾಸ್ ಹೈಕೋರ್ಟ್ 2006ರ ಡಿಸೆಂಬರ್‌ನಲ್ಲಿ ಕಟ್ಟುನಿಟ್ಟಿನ ಆದೇಶ ಹೊರಡಿಸಿತು. ಒಂದು ಹನಿ ತ್ಯಾಜ್ಯನೀರೂ ನದಿಗೆ ಸೇರದಂತೆ ನಿಗದಿತ ಗಡುವಿನೊಳಗೆ ವ್ಯವಸ್ಥೆ ಮಾಡಿಕೊಳ್ಳಬೇಕು, ಅಲ್ಲಿಯವರೆಗೆ ಹೊರಬಿಡುವ ಪ್ರತಿ ಲೀಟರಿಗೆ ಪೈಸೆಗಳ ಲೆಕ್ಕದಲ್ಲಿ ದಂಡ ತೆರಬೇಕು ಎಂದು ಅದು ವಿಧಿಸಿತು. ಸುಪ್ರೀಂ ಕೋರ್ಟ್ ಕೂಡ 2009ರಲ್ಲಿ ಇದನ್ನು ಎತ್ತಿಹಿಡಿಯಿತು. ಆದರೂ ಪಾಲನೆಯಾಗದಿದ್ದಾಗ, 2011ರ ಜನವರಿ 28ರಂದು ತಿರುಪ್ಪೂರಿನ ಡೈಯಿಂಗ್ ಘಟಕಗಳನ್ನೂ ಸಾಮೂಹಿಕ ಶುದ್ಧೀಕರಣ ಘಟಕಗಳನ್ನೂ ಮುಚ್ಚಿಸುವಂತೆ ಹೈಕೋರ್ಟ್ ಆದೇಶಿಸಿತು. 700ಕ್ಕೂ ಹೆಚ್ಚು ಘಟಕಗಳು ಬಾಗಿಲು ಮುಚ್ಚಿದವು. ದೂರದ ಊರುಗಳಿಂದ ದುಡಿಯಲು ಬಂದಿದ್ದ ಕಾರ್ಮಿಕರು ಕೆಲಸ ಕಳೆದುಕೊಂಡರು. ವರ್ಷಗಳ ಕಾಲ ಮುಂದೂಡಿದ ಹೊಣೆಯ ಭಾರ ಒಂದೇ ದಿನ ನಗರದ ಮೇಲೆ ಬಿದ್ದಿತು.

ಶೂನ್ಯ ವಿಸರ್ಜನೆಯ ವಿಧಾನ

ಈಗ ತಿರುಪ್ಪೂರಿನಲ್ಲಿ ಅನುಸರಿಸುತ್ತಿರುವ ವ್ಯವಸ್ಥೆಯನ್ನು ಶೂನ್ಯ ದ್ರವ ವಿಸರ್ಜನೆ ಎನ್ನುತ್ತಾರೆ. ಮೊದಲು ಎಲ್ಲ ತೊಳೆನೀರನ್ನು ಒಂದು ತೊಟ್ಟಿಯಲ್ಲಿ ಕೂಡಿಸಿ ಅದರ ಗುಣವನ್ನು ಸಮಗೊಳಿಸಲಾಗುತ್ತದೆ. ಬಳಿಕ ಸೂಕ್ಷ್ಮಜೀವಿಗಳ ನೆರವಿನಿಂದ ಸಾವಯವ ಕೊಳೆಯನ್ನು ಕಳೆಯಲಾಗುತ್ತದೆ. ಸೋಸಿದ ನೀರನ್ನು ಹೆಚ್ಚಿನ ಒತ್ತಡದಲ್ಲಿ ಸೂಕ್ಷ್ಮ ಪೊರೆಗಳ ಮೂಲಕ ಹಾಯಿಸಿದಾಗ ಉಪ್ಪು ಒಂದು ಕಡೆ, ಶುದ್ಧ ನೀರು ಇನ್ನೊಂದು ಕಡೆ ಬೇರೆಯಾಗುತ್ತವೆ. ಮನೆಗಳ ಆರ್‌ಒ ಯಂತ್ರದ ತತ್ವವೇ ಇಲ್ಲಿಯೂ ಇದೆ. ಶುದ್ಧ ನೀರು ಮತ್ತೆ ಬಣ್ಣದ ತೊಟ್ಟಿಗೆ ಮರಳುತ್ತದೆ.

ಉಳಿಯುವ ಗಾಢ ಉಪ್ಪುನೀರೇ ನಿಜವಾದ ಸವಾಲು. ಅದನ್ನು ಪೂರ್ತಿ ಬತ್ತಿಸಲು ಅಪಾರವಾದ ಉಗಿ ಮತ್ತು ವಿದ್ಯುತ್ ಬೇಕು. ಈ ಉಪ್ಪುನೀರನ್ನೇ ಶುದ್ಧಗೊಳಿಸಿ ಬಣ್ಣ ಕಟ್ಟುವ ಕೆಲಸಕ್ಕೆ ಮರುಬಳಸುವ ವಿಧಾನ ರೂಢಿಗೆ ಬಂದ ಮೇಲೆ ವೆಚ್ಚ ಇಳಿಯಿತು. ತಮಿಳುನಾಡು ಸರ್ಕಾರ 2011ರಲ್ಲಿ ಶುದ್ಧೀಕರಣ ಘಟಕಗಳಿಗಾಗಿ 200 ಕೋಟಿ ರೂಪಾಯಿಗಳ ಬಡ್ಡಿರಹಿತ ಸಾಲವನ್ನು ಘೋಷಿಸಿತು. ಘಟಕಗಳು ಹಂತಹಂತವಾಗಿ ಮತ್ತೆ ತೆರೆದವು. ನೀರಿನ ಬಹುಭಾಗ ಈಗ ಘಟಕದೊಳಗೇ ಸುತ್ತುತ್ತಿದೆ.

ಹಾಗೆಂದು ಸಮಸ್ಯೆ ಮುಗಿದಿದೆ ಎನ್ನಲಾಗದು. ಮರುಬಳಕೆಗೆ ಬಾರದ ಮಿಶ್ರ ಉಪ್ಪು ಮತ್ತು ಕೆಸರು ಚೀಲಗಳಲ್ಲಿ ರಾಶಿ ಬೀಳುತ್ತವೆ. ಅವುಗಳನ್ನು ಮಳೆಗೆ ಸಿಗದಂತೆ ಕಾಯುವುದು ಮತ್ತೊಂದು ಹೊರೆ. ಬತ್ತಿಸುವ ಕೆಲಸಕ್ಕೆ ಉರಿಯುವ ಇಂಧನವೂ ಪರಿಸರದ ಲೆಕ್ಕಕ್ಕೇ ಸೇರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಹಿಂದಿನ ದಶಕಗಳಲ್ಲಿ ನೆಲಕ್ಕಿಳಿದ ಉಪ್ಪು ಆದೇಶದಿಂದ ಹೊರಬರುವುದಿಲ್ಲ. ಅದನ್ನು ತೊಳೆಯಲು ಅನೇಕ ವರ್ಷಗಳ ಮಳೆ ಬೇಕು.

ಕಾನೂನು ಏನು ಹೇಳುತ್ತದೆ?

1974ರ ಜಲ ಮಾಲಿನ್ಯ ನಿವಾರಣಾ ಮತ್ತು ನಿಯಂತ್ರಣ ಕಾಯ್ದೆಯಂತೆ ತ್ಯಾಜ್ಯನೀರನ್ನು ಹೊರಬಿಡುವ ಯಾವುದೇ ಕಾರ್ಖಾನೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರವನ್ನು ಪಡೆಯಬೇಕು. ಎಷ್ಟು ನೀರು, ಯಾವ ಗುಣಮಟ್ಟದಲ್ಲಿ ಹೊರಬರಬಹುದೆಂಬ ಷರತ್ತು ಅದರಲ್ಲಿರುತ್ತದೆ.

ಅಂತರ್ಜಲದ ವಿಷಯದಲ್ಲಿ ಚಿತ್ರ ಇಷ್ಟು ಸ್ಪಷ್ಟವಾಗಿಲ್ಲ. ಭೂಮಿಯ ಒಡೆಯನಿಗೆ ಅದರಡಿಯ ನೀರಿನ ಮೇಲೆ ಹಕ್ಕಿದೆಯೆಂಬ, 1882ರ ಅನುಭೋಗದ ಹಕ್ಕುಗಳ ಕಾಯ್ದೆಯ ಕಾಲದ ಭಾವನೆ ಇನ್ನೂ ಪ್ರಬಲವಾಗಿದೆ. ಇನ್ನೊಂದೆಡೆ ನೈಸರ್ಗಿಕ ಸಂಪತ್ತಿಗೆ ಸರ್ಕಾರ ಧರ್ಮದರ್ಶಿಯೆಂಬ ತತ್ವವನ್ನು ಸುಪ್ರೀಂ ಕೋರ್ಟ್ 1996ರಲ್ಲಿ ಕಮಲ್ ನಾಥ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಪ್ಲಾಚಿಮಡದ ಎರಡು ತೀರ್ಪುಗಳ ನಡುವಿನ ಬಿರುಕು ಇದೇ. ಕೇಂದ್ರ ಅಂತರ್ಜಲ ಪ್ರಾಧಿಕಾರದ 2020ರ ಮಾರ್ಗಸೂಚಿಯು ದಿನಕ್ಕೆ 100 ಘನ ಮೀಟರ್, ಅಂದರೆ 1 ಲಕ್ಷ ಲೀಟರಿಗಿಂತ ಹೆಚ್ಚು ಅಂತರ್ಜಲ ಬಳಸುವ ಕೈಗಾರಿಕೆಗಳಿಗೆ ಜಲ ಲೆಕ್ಕಪರಿಶೋಧನೆಯನ್ನು ಕಡ್ಡಾಯಗೊಳಿಸಿತು. ಕರ್ನಾಟಕದಲ್ಲಿ 2011ರ ಅಂತರ್ಜಲ ಕಾಯ್ದೆಯಡಿ ಪ್ರತ್ಯೇಕ ಪ್ರಾಧಿಕಾರವೇ ಇದೆ.

ನಮ್ಮ ರಾಜ್ಯದ ಮಟ್ಟಿಗೆ

ಇವು ನೆರೆರಾಜ್ಯಗಳ ಕಥೆಗಳೆಂದು ನಾವು ನಿರಾಳವಾಗುವಂತಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2009ರಲ್ಲಿ ದೇಶದ 88 ಕೈಗಾರಿಕಾ ಪ್ರದೇಶಗಳನ್ನು ಅಳೆದು 43ನ್ನು ಅತಿ ಗಂಭೀರವಾಗಿ ಮಲಿನಗೊಂಡವುಗಳೆಂದು ಗುರುತಿಸಿದಾಗ ಭದ್ರಾವತಿ ಮತ್ತು ಮಂಗಳೂರು ಆ ಪಟ್ಟಿಯಲ್ಲಿದ್ದವು. ಬೆಂಗಳೂರಿನ ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಲೋಹಕ್ಕೆ ಲೇಪನ ಮಾಡುವ ಸಣ್ಣ ಘಟಕಗಳು ಅಲ್ಲಿ ಬಹಳ. ಒಂದೊಂದರ ತ್ಯಾಜ್ಯವೂ ಅಲ್ಪವೆನಿಸುತ್ತದೆ. ನೂರಾರು ಕಡೆಯಿಂದ ಇಳಿದಾಗ ನೆಲದಡಿಯ ನೀರು ಅದನ್ನು ದಶಕಗಳ ಕಾಲ ಹಿಡಿದಿಟ್ಟುಕೊಳ್ಳುತ್ತದೆ.

ಮಂಗಳೂರು ಇನ್ನೊಂದು ಪಾಠವನ್ನು ಕಲಿಸಿದೆ. ನಗರದ ಕುಡಿಯುವ ನೀರಿಗೂ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಸ್ಥಾವರಕ್ಕೂ ನೇತ್ರಾವತಿಯೇ ಆಸರೆ. 2016 ಮತ್ತು 2019ರ ಬೇಸಿಗೆಯಲ್ಲಿ ನದಿ ಸೊರಗಿದಾಗ ಸ್ಥಾವರದ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ನಗರದ ಸಂಸ್ಕರಿತ ಕೊಳಚೆ ನೀರಿನ ಬಳಕೆ, ತಣ್ಣೀರುಬಾವಿಯಲ್ಲಿ ದಿನಕ್ಕೆ 3 ಕೋಟಿ ಲೀಟರ್ ಸಾಮರ್ಥ್ಯದ ಸಮುದ್ರದ ನೀರು ಸಿಹಿಗೊಳಿಸುವ ಸ್ಥಾವರ ಇವೆಲ್ಲ ಆ ಅನಿವಾರ್ಯತೆಯಿಂದ ಬಂದ ದಾರಿಗಳು. ಚೆನ್ನೈನ ಮಣಲಿ ಪ್ರದೇಶದ ಕಾರ್ಖಾನೆಗಳು ಸಂಸ್ಕರಿತ ಕೊಳಚೆ ನೀರನ್ನು 1990ರ ದಶಕದಿಂದಲೇ ಕೊಳ್ಳುತ್ತಿವೆ. ಊರು ಕುಡಿಯುವ ನೀರಿಗೆ ಕೈಚಾಚದೆ ಊರು ಬಿಟ್ಟ ನೀರಿನಲ್ಲಿ ಕೆಲಸ ನಡೆಸುವುದು ದೊಡ್ಡ ಕಾರ್ಖಾನೆಗಳಿಗೆ ಸಾಧ್ಯವೆಂಬುದಕ್ಕೆ ಇವು ನಿದರ್ಶನಗಳು.

ಯಾವುದನ್ನು ಗಮನಿಸಬೇಕು?

ಜಲ ಹೊಣೆಗಾರಿಕೆಗೆ ಅಂತರರಾಷ್ಟ್ರೀಯ ಮಾನಕವೊಂದು 2014ರಲ್ಲಿ ರೂಪುಗೊಂಡಿದೆ. ಕಾರ್ಖಾನೆಯು ತನ್ನ ಆವರಣವನ್ನಷ್ಟೇ ನೋಡದೆ ತಾನಿರುವ ಜಲಾನಯನ ಪ್ರದೇಶವನ್ನು ಅರಿಯಬೇಕು, ನೆರೆಯವರೊಂದಿಗೆ ಸಮಾಲೋಚಿಸಬೇಕು, ಫಲಿತಾಂಶವನ್ನು ಬಹಿರಂಗಪಡಿಸಬೇಕು ಎಂಬುದು ಅದರ ಆಶಯ. ಇಂಥ ಪ್ರಮಾಣಪತ್ರ ಸ್ವಯಂಪ್ರೇರಿತವಾದದ್ದು. ಕಾನೂನಿಗೆ ಅದು ಪರ್ಯಾಯವಲ್ಲ. ಕಾರ್ಖಾನೆಯೊಂದರ ಜಲ ನಿರ್ವಹಣೆಯ ಕುರಿತು ಓದುವಾಗ ಈ ಕೆಳಗಿನ ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು.

1. ಉತ್ಪನ್ನದ ಅನುಪಾತದ ಜೊತೆಗೆ, ಆ ಸ್ಥಳದಲ್ಲಿ ವರ್ಷಕ್ಕೆ ಸೇದಿದ ಒಟ್ಟು ನೀರಿನ ಪ್ರಮಾಣವನ್ನು ತಿಳಿಸಲಾಗಿದೆಯೇ?

2. ಬೇಸಿಗೆಯ ಹಾಗೂ ಬರಗಾಲದ ತಿಂಗಳುಗಳಲ್ಲಿ ನೀರಿನ ಬಳಕೆಯನ್ನು ಇಳಿಸುವ ಯೋಜನೆ ಮೊದಲೇ ಸಿದ್ಧವಾಗಿದೆಯೇ?

3. ಕಾರ್ಖಾನೆ ಆರಂಭವಾಗುವ ಮುನ್ನವೇ ಸುತ್ತಲಿನ ಬಾವಿಗಳ ಮಟ್ಟವನ್ನೂ ಗುಣವನ್ನೂ ದಾಖಲಿಸಲಾಗಿದೆಯೇ? ಈ ದಾಖಲೆ ಇಲ್ಲದಿದ್ದರೆ ಮುಂದೆ ಹಾನಿಯನ್ನು ಸಾಬೀತುಪಡಿಸುವ ಭಾರ ಬಡವರ ಹೆಗಲಿಗೆ ಬೀಳುತ್ತದೆ.

4. ಆ ಉದ್ಯಮದಲ್ಲಿ ಬಳಸುವ ವಸ್ತುಗಳಿಗೆ ತಕ್ಕ ಪರೀಕ್ಷೆ ನಡೆಯುತ್ತಿದೆಯೇ? ಬಣ್ಣದ ಘಟಕದಲ್ಲಿ ಉಪ್ಪನ್ನು, ಲೇಪನ ಘಟಕದಲ್ಲಿ ಲೋಹವನ್ನು ಅಳೆಯದ ವರದಿಗೆ ಬೆಲೆ ಕಡಿಮೆ.

5. ಮರುಪೂರಣದ ಕೆಲಸ ಅದೇ ಜಲಾನಯನದಲ್ಲಿ ನಡೆದಿದೆಯೇ?

6. ಕೆಸರು ಮತ್ತು ಉಪ್ಪು ಅಂತಿಮವಾಗಿ ಎಲ್ಲಿಗೆ ಹೋಗುತ್ತಿವೆ?

7. ಪರೀಕ್ಷೆಯ ಫಲಿತಾಂಶಗಳು ಗ್ರಾಮ ಪಂಚಾಯಿತಿಯ ಕೈಗೆ, ಕನ್ನಡದಲ್ಲಿ, ನಿಯಮಿತವಾಗಿ ತಲುಪುತ್ತಿವೆಯೇ?

ಮೀಟರು, ಪ್ರಯೋಗಾಲಯ, ತಜ್ಞರು ಎಲ್ಲವೂ ಕಾರ್ಖಾನೆಯ ಬಳಿ ಇರುತ್ತವೆ. ಬಾವಿ ಮಾತ್ರ ಊರಿನವರದು. ಹೀಗಿರುವಾಗ ನೀರು ಕೆಟ್ಟಿದೆಯೆಂದು ಊರಿನವರು ಹೇಳಿದ ದಿನವೇ ಅದನ್ನು ಅಳೆದು ನೋಡುವ ವ್ಯವಸ್ಥೆ ಇರಬೇಕಾದುದು ಅಗತ್ಯ. ಪ್ಲಾಚಿಮಡದಲ್ಲಿ ಧರಣಿ ಕೂರಬೇಕಾಯಿತು. ನೊಯ್ಯಲ್ ದಂಡೆಯಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ನ್ಯಾಯಾಲಯಕ್ಕೆ ಅಲೆಯಬೇಕಾಯಿತು. ಆ ವಿಳಂಬದ ಬೆಲೆಯನ್ನು ಮೊದಲು ರೈತರು ತೆತ್ತರು, ಕೊನೆಗೆ ಕಾರ್ಮಿಕರು ಮತ್ತು ಉದ್ಯಮಿಗಳೂ ತೆತ್ತರು. ನೆರೆಯೂರಿನ ಬಾವಿಯನ್ನು ತನ್ನದೇ ಮೀಟರ್ ಎಂದು ಬಗೆದು ಕಾಯುವ ಕಾರ್ಖಾನೆಗೆ ಆ ವೆಚ್ಚ ಉಳಿಯುತ್ತದೆ.